‘ಇ-ರೀಡರ್’ಗೆ ಏನನ್ನೋಣ: ಓದುಗ, ಓದುಮಣೆ, ಕಡತ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿಕೊಡಿ.

ಚಿಕ್ಕಮಗಳೂರಿನಲ್ಲಿ ನಾವು ಹನ್ನೆರಡು ಜನ ಸೇರಿ ಓದುವ ಬಳಗ ಅಂತ ಒಂದು ಮಾಡಿಕೊಂಡಿದ್ದೇವೆ. ಹೋದ ತಿಂಗಳು ಚಂದಾ ಎತ್ತಿ ಎರಡು ಇ-ರೀಡರ್ (ಇ-ಪುಸ್ತಕ ಓದಲಿಕ್ಕೆಂದೇ ಇರುವ ಸಾಧನ), ಒಂದು ಟ್ಯಾಬ್ ತಗೊಂಡೆವು. ಸರದಿ ಪ್ರಕಾರ ಯಾರು ಬೇಕಾದರೂ ಮನೆಗೆ ಒಯ್ಯಬಹುದು. ಬಳಗದಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಹಾಗಾಗಿ ‘ಇದನ್ನು ಬಳಸುವುದು ಹೇಗೆ’ ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಡುವ ಕೆಲಸ ನನ್ನ ತಲೆಗೆ ಬಂತು. ಮೊದಲ ಸಾಲಲ್ಲೇ ನಿಂತುಬಿಟ್ಟೆ. ಮೇಲೆ ಹೆಸರು ಅಂತ ಏನು ಬರೆಯಲಿ?

ಇ-ರೀಡರ್ ಅಂತಲೇ ಬರೆದರೆ ಏನಾಯ್ತು ಅಂತ ಕೇಳುತ್ತೀರಿ, ಗೊತ್ತು. ಏನೂ ಆಗಲ್ಲ. ಬಸ್ಸು, ಸ್ವಿಚ್ಚು, ನಮ್ಮ ಕಾಫಿ ತೋಟದ ಪಲ್ಪರ್ರು ಎಲ್ಲ ಹಾಗೇ ಬಂದು ಕೂತಿವೆ, ಯಾರೂ ಎಬ್ಬಿಸಿಲ್ಲ. ಆದರೆ ಬಳಗದ ಹಿರಿಯರೊಬ್ಬರು ಹೆಸರು ಕೇಳಿದ ಕೂಡಲೇ ‘ಹೌದಾ, ಅದೇ ಓದುತ್ತಾ?’ ಅಂದರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದು. ಯೋಚಿಸಿದರೆ ಅವರದ್ದೇ ಸರಿ. ನಮಗೆ ರೀಡರ್ ಅಂದರೆ ತಿಂಗಳಿಗೊಮ್ಮೆ ಬರುವ ಮೀಟರ್ ರೀಡರ್, ಅವರು ಮೀಟರನ್ನು ಓದುತ್ತಾರೆ. ಕಾರ್ಡ್ ರೀಡರ್ ಕಾರ್ಡನ್ನು ಓದುತ್ತೆ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಬಳಸುವ ಸ್ಕ್ರೀನ್ ರೀಡರ್ ಅಂತೂ ಗಟ್ಟಿಯಾಗಿ ಓದಿ ಹೇಳುತ್ತೆ. ನಾವು ತಂದದ್ದು ಮಾತ್ರ ರೀಡರ್ ಅನ್ನಿಸಿಕೊಂಡೂ ಸುಮ್ನೆ ಬಿದ್ದಿರುತ್ತೆ, ಓದಬೇಕಾದವರು ನಾವು.

ಇದೇ ಕಾರಣಕ್ಕೆ ‘ಇ-ಓದುಗ’ ಅನ್ನುವ ಪದ ನನಗೆ ಒಗ್ಗುತ್ತಿಲ್ಲ. ಓದುಗ ಅಂದರೆ ಮನುಷ್ಯ. ಇ-ಓದುಗ ಅಂದರೆ ಇ-ಪುಸ್ತಕ ಓದುವ ಮನುಷ್ಯ ಅಂತಲೇ ಆಗಬೇಕು ಅಲ್ವಾ? ‘ಇ-ಓದುಗನನ್ನು ರಾತ್ರಿ ಚಾರ್ಜಿಗೆ ಹಾಕಿ’ ಅಂತ ಬರೆದು ನೋಡಿದೆ, ನನಗೇ ನಗು ಬಂತು. ಅಂಗಡಿಯವನು ಪಾಪ ಯಾವ ಕಂಪನಿಯದ್ದಾದರೂ ‘ಕಿಂಡಲ್’ ಅಂತಲೇ ಕರೆಯುತ್ತಾನೆ, ನಕಲು ಪ್ರತಿಗೆಲ್ಲ ಜೆರಾಕ್ಸ್ ಅನ್ನುವ ಹಾಗೆ. ಅದನ್ನೇ ಇಟ್ಟುಕೊಳ್ಳೋಣ ಅಂದರೆ ಕನ್ನಡದಲ್ಲಿ ಕಿಂಡಲ್ ಮಾಡುವುದು ಅಂದರೆ ಗೇಲಿ ಮಾಡುವುದು. ‘ಅತ್ತೆ, ಕಿಂಡಲ್ ತಂದಿದ್ದೀನಿ’ ಅಂದಿದ್ದಕ್ಕೆ ‘ಯಾರನ್ನ?’ ಅಂತ ಕೇಳಿಸಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಅದಕ್ಕೆ ಬೆಂಕಿ ಹೊತ್ತಿಸು ಅನ್ನುವ ಅರ್ಥ ಇದೆ, 2007ರಲ್ಲಿ ಅಮೆಜಾನ್ ಆ ಹೆಸರಿನಲ್ಲಿ ಬಿಟ್ಟಿತು. ಅದಕ್ಕೂ ಮೊದಲು, 2006ರಲ್ಲಿ, ಸೋನಿ ಕಂಪನಿ ತನ್ನದಕ್ಕೆ ನೇರವಾಗಿ ‘ರೀಡರ್’ ಅಂತಲೇ ಹೆಸರಿಟ್ಟಿತ್ತು.

ಇನ್ನು ಟ್ಯಾಬ್. ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು ಫೋನಿನ ಅನುವಾದಕ್ಕೆ ಕೊಟ್ಟೆ. ‘ಮಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ’ ಅಂತ ಬಂತು. ಸಲಹೆಯೇನೋ ಒಳ್ಳೆಯದೇ! ಟ್ಯಾಬ್ಲೆಟ್ ಅಂದರೆ ಮೂಲದಲ್ಲಿ ಸಣ್ಣ ಹಲಗೆ, ಚಪ್ಪಟೆ ಬಿಲ್ಲೆ. ಬರೆಯುವ ಹಲಗೆಗೂ ನುಂಗುವ ಮಾತ್ರೆಗೂ ಅಲ್ಲಿ ಒಂದೇ ಹೆಸರು. ತಮಾಷೆ ಏನೆಂದರೆ ನಿಜವಾದ ಗುಳಿಗೆಗಳು ಇರುವುದು ಟ್ಯಾಬ್ ಒಳಗಲ್ಲ, ಇ-ರೀಡರ್ ಒಳಗೆ. ಅದರ ಪರದೆಯಲ್ಲಿ ಕೂದಲೆಳೆಯಷ್ಟು ಗಾತ್ರದ ಸಣ್ಣ ಸಣ್ಣ ಗುಳಿಗೆಗಳಿವೆ. ಪ್ರತಿಯೊಂದರಲ್ಲೂ ಬಿಳಿ ಪುಡಿ, ಕರಿ ಪುಡಿ. ಬಿಳಿಯದಕ್ಕೆ ಒಂದು ವಿದ್ಯುತ್ ಗುಣ, ಕರಿಯದಕ್ಕೆ ಅದರ ಎದುರು ಗುಣ. ಕರೆಂಟು ಕೊಟ್ಟಾಗ ಒಂದು ಮೇಲೆ ಬರುತ್ತೆ, ಇನ್ನೊಂದು ಕೆಳಗೆ ಹೋಗುತ್ತೆ, ಹಾಗೆ ಅಕ್ಷರ ಮೂಡುತ್ತೆ. ಮೂಡಿದ ಮೇಲೆ ಕರೆಂಟು ಬೇಡ, ಪುಟ ತಿರುವುವ ತನಕ ಅಲ್ಲೇ ಇರುತ್ತೆ. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು. ಆಷಾಢದ ಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಮೂಡಿಗೆರೆ ಕಡೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಎರಡಕ್ಕೂ ಒಂದೇ ಹೆಸರು ಸಾಲದಾ ಅಂತ ಬಳಗದಲ್ಲೇ ಕೇಳಿದರು. ಸಾಲದು. ಯಾಕೆ ಅಂತ ನನಗಿಂತ ಚೆನ್ನಾಗಿ ನನ್ನ ಸೋದರತ್ತೆ ಹೇಳಿದ್ದಾರೆ. ಅವರು ಟ್ಯಾಬಿಗೆ ‘ದೊಡ್ಡ ಮೊಬೈಲು’ ಅನ್ನುತ್ತಾರೆ, ಇ-ರೀಡರಿಗೆ ‘ಮಂಕು ಸ್ಲೇಟು’. ‘ದೊಡ್ಡ ಮೊಬೈಲಲ್ಲಿ ಒಂದು ಪುಟ ಮುಗಿಸೋದರೊಳಗೆ ನಾಲ್ಕು ಸಲ ಟಿಣ್ ಅನ್ನತ್ತೆ ಮಾರಾಯ, ಯಾರದೋ ಗುಡ್ ಮಾರ್ನಿಂಗು. ಇದಾದರೆ ಮಂಕಾಗಿ ಬಿದ್ದಿರತ್ತೆ, ನಾನೂ ಅದರ ಜೊತೆ ಬಿದ್ದಿರ್ತೀನಿ.’ ಮಂಕು ಅನ್ನುವುದನ್ನು ಇಷ್ಟು ಪ್ರೀತಿಯಿಂದ ಹೇಳಿದ್ದು ನಾನು ಬೇರೆಲ್ಲೂ ಕೇಳಿಲ್ಲ. ಚೀಟಿಯಲ್ಲಿ ಹಾಗೇ ಬರೆದುಬಿಡುವ ಆಸೆ ಇತ್ತು, ಆದರೆ ಚಂದಾ ಕೊಟ್ಟವರು ಬೇಜಾರು ಮಾಡಿಕೊಳ್ಳುತ್ತಾರೆ.

ಅತ್ತೆಯ ಅಡುಗೆಮನೆಯಲ್ಲೇ ನನಗೆ ಒಂದು ದಾರಿ ಹೊಳೆಯಿತು. ಒಂದೇ ಕೆಲಸದ ಸಾಮಾನಿಗೆ ಕನ್ನಡ ಹೇಗೆ ಹೆಸರಿಡುತ್ತೆ ನೋಡಿ. ತುರಿಮಣೆ, ಕಡೆಗೋಲು, ಬೀಸುಗಲ್ಲು, ಬಡಗಿಯ ಉಜ್ಜುಗೊರಡು. ಮುಂದೆ ಕೆಲಸ, ಹಿಂದೆ ವಸ್ತು. ತುರಿಯುವ, ಕಡೆಯುವ ಅಂತ ‘ಉವ’ ಕೂಡ ಬೇಕಿಲ್ಲ, ಬರೀ ಧಾತು ಸಾಕು. ಹತ್ತು ಕೆಲಸದ ಸಾಮಾನಿಗಾದರೆ ಬರೀ ವಸ್ತುವಿನ ಹೆಸರು. ಮಣೆ, ಕೋಲು, ಕತ್ತಿ, ಹಲಗೆ. ಮಣೆ ಅಂದರೆ ಊಟಕ್ಕೆ ಕೂರಲೂ ಆಯ್ತು, ದೇವರನ್ನು ಇಡಲೂ ಆಯ್ತು, ಮೇಲಿನ ಕಪಾಟಿನ ಡಬ್ಬಿ ಎಟುಕದಿದ್ದರೆ ಹತ್ತಿ ನಿಲ್ಲಲೂ ಆಯ್ತು. ತುರಿಮಣೆ ಅಂದ ಮೇಲೆ ಕಾಯಿ ತುರಿಯುವುದೊಂದೇ. ಹಾಗಾದರೆ ಟ್ಯಾಬ್ ಅಂದರೆ ಹಲಗೆ, ಅದರಲ್ಲಿ ಸಿನಿಮಾನೂ ನೋಡಿ, ಕರೆಂಟ್ ಬಿಲ್ಲೂ ಕಟ್ಟಿ. ಇ-ರೀಡರ್ ಅಂದರೆ ಓದುಹಲಗೆ ಅಥವಾ ಓದುಮಣೆ. ಇ-, ಮಿಂಚು, ವಿದ್ಯುನ್ಮಾನ ಯಾವುದೂ ಬೇಡ.

ನನಗೆ ಓದುಮಣೆ ಇಷ್ಟ ಆಗಿತ್ತು, ಕಿವಿಗೆ ಹಿತ. ಬಳಗದಲ್ಲಿ ಒಪ್ಪಲಿಲ್ಲ. ಪುಸ್ತಕಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು, ಕೂರುವ ಮಣೆಯ ಹೆಸರನ್ನು ಅದಕ್ಕೆ ಇಡುತ್ತೀರಾ ಅಂತ ಒಬ್ಬರು. ಓದುಮಣೆ ಅಂದರೆ ಭಾರತ ವಾಚನಕ್ಕೆ ಪುಸ್ತಕ ಇಡುವ ವ್ಯಾಸಪೀಠದ ಹಾಗೆ ಕೇಳಿಸುತ್ತೆ ಅಂತ ಇನ್ನೊಬ್ಬರು. ಈ ಎರಡನೆಯ ಆಕ್ಷೇಪದಲ್ಲಿ ಹುರುಳಿದೆ ಅನ್ನಿಸಿತು. ಓದುಹಲಗೆಗೆ ಅಷ್ಟು ವಿರೋಧ ಬರಲಿಲ್ಲ. ಹುಬ್ಬಳ್ಳಿ ಕಡೆಯ ಸೊಸೆ ಒಬ್ಬರು ಮಾತ್ರ ‘ನಮ್ಮಲ್ಲಿ ಹಲಗಿ ಅಂದ್ರ ಬಡಿಯೋದು’ ಅಂದು ನಕ್ಕರು, ಅಲ್ಲಿ ಅದು ಚರ್ಮದ ವಾದ್ಯ.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕಡತ ಅನ್ನುವ ಪದ ನಿಮಗೆಲ್ಲ ಗೊತ್ತು, ಆಫೀಸಿನ ಫೈಲು. ಕಂಪ್ಯೂಟರಿನ ಫೈಲಿಗೂ ಅದೇ ಬಂದಿದೆ. ಆದರೆ ಹಳೆಯ ಕಡತ ಕಾಗದದ್ದೇ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಶಾನುಭೋಗರು, ವ್ಯಾಪಾರಿಗಳು ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಇದನ್ನು ಮಾಡುವ ಬಗೆಯನ್ನು ವರ್ಣಿಸಿದ್ದಾನೆ. ನಮ್ಮ ಜಿಲ್ಲೆಯ ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದಿವೆ, ವಿದ್ವಾಂಸರು ಅವನ್ನು ಓದಿ ಇತಿಹಾಸ ಬರೆದಿದ್ದಾರೆ. ಬೇರೆ ದೇಶಗಳಲ್ಲಿ ಚರ್ಮದ ಹಾಳೆಯ ಮೇಲೆ ಬರೆದರು, ಅದಕ್ಕೆ ಪಾರ್ಚ್‌ಮೆಂಟ್ ಅನ್ನುತ್ತಾರೆ ಅಂತ ಬಳಗದಲ್ಲಿ ವಿವರಿಸಲು ಹೋದೆ, ‘ಮೂಟೆಗೆ ಎಷ್ಟಾಗಿದೆ ಇವತ್ತು?’ ಅಂತ ಮಾತು ಕಾಫಿ ರೇಟಿಗೆ ಹೋಯಿತು. ಚಿಕ್ಕಮಗಳೂರಲ್ಲಿ ಪಾರ್ಚ್‌ಮೆಂಟ್ ಅಂದರೆ ಹೊಟ್ಟಿನ ಸಮೇತ ಇರುವ ಕಾಫಿ ಬೀಜ, ಬೇರೆ ಅರ್ಥ ಇದೆ ಅಂತ ನಂಬಿಸುವುದೇ ಕಷ್ಟ.

ಕಡತಕ್ಕೂ ಈ ಮಂಕು ಸ್ಲೇಟಿಗೂ ಎಷ್ಟು ಹೋಲಿಕೆ ನೋಡಿ. ಹೊಳಪಿಲ್ಲ, ಬಿದ್ದ ಬೆಳಕಲ್ಲೇ ಓದಬೇಕು, ಬರೆದದ್ದು ತಾನಾಗಿ ನಿಲ್ಲುತ್ತೆ, ಒರೆಸಿ ಮತ್ತೆ ಬರೆಯಬಹುದು. ಒರೆಸಿದ ಮೇಲೂ ಹಳೆಯ ಪುಟದ ನೆರಳು ಸ್ವಲ್ಪ ಉಳಿಯುತ್ತೆ, ಅದೂ ಎರಡರಲ್ಲೂ ಇದೆ! ಇಷ್ಟು ಹೊಂದುವ ಪದವನ್ನು ನಾವು ಸುಮ್ನೆ ಫೈಲಿಗೆ ಕೊಟ್ಟು ಕೂತಿದ್ದೇವಲ್ಲ ಅಂತ ಹೊಟ್ಟೆ ಉರಿಯಿತು. ಈಗ ವಾಪಸು ಕೇಳಿದರೆ ‘ಕಡತದಲ್ಲಿ ಕಡತ ತೆರೆಯಿರಿ’ ಅಂತ ಬರೆಯಬೇಕಾಗುತ್ತೆ. ‘ಓದುಗಡತ’ ಅಂದರೆ? ಸಂಧಿ ಸರಿ, ಉಜ್ಜುಗೊರಡಿನ ಹಾಗೇ. ಆದರೆ ತಾಲ್ಲೂಕು ಕಚೇರಿಯ ವಾಸನೆ ಹೋಗುತ್ತಿಲ್ಲ.

ಒಂದು ಮಾತು ನ್ಯಾಯಕ್ಕೆ ಹೇಳಬೇಕು, ನಾನು ಓದುಹಲಗೆಯ ಪಕ್ಷ ಆದರೂ. ಕನ್ನಡದವರಿಗೆ ದೊಡ್ಡ ಹಲಗೆಯೂ ಬೇಕು. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಇ-ಪುಸ್ತಕದ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಬಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ನಮಗೆ ಸಿಗುವ ಹಳೆಯ ಪುಸ್ತಕಗಳು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್. ಆರು ಇಂಚಿನ ಪರದೆಯಲ್ಲಿ ಅವು ಇರುವೆ ಸಾಲು, ಒತ್ತಕ್ಷರ ಯಾವುದು ಕಸ ಯಾವುದು ತಿಳಿಯಲ್ಲ. ಹಿಗ್ಗಿಸಿದರೆ ಸಾಲು ಅಂಚಿನಾಚೆ ಹೋಗುತ್ತೆ. ಇ-ಪಬ್ (ಇ-ಪುಸ್ತಕದ ಒಂದು ಬಗೆಯ ಫೈಲು) ಆದರೆ ಅಕ್ಷರ ದೊಡ್ಡದು ಮಾಡಿದಾಗ ಸಾಲುಗಳು ತಾವೇ ಮುರಿದು ಹೊಂದಿಕೊಳ್ಳುತ್ತವೆ. ಈ ಹೊಂದಿಕೆಗೂ ಒಂದು ಪದ ಬೇಕು, ಇಂಗ್ಲಿಷಿನ ‘ರೀಫ್ಲೋ’ಗೆ ಮರುಹರಿವು ಅಂದರೆ ಕಾಲುವೆ ನೆನಪಾಗುತ್ತೆ.

ಜೊತೆಗೆ ಎರಡು ಚಿಲ್ಲರೆ ಅನುಮಾನ. ಟ್ಯಾಬಿನಲ್ಲಿ ಬೆಳಕು ಪರದೆಯ ಹಿಂದಿನಿಂದ ಬಂದು ಕಣ್ಣಿಗೆ ಹೊಡೆಯುತ್ತೆ. ನಮ್ಮ ಇ-ರೀಡರಿನಲ್ಲಿ ಅಂಚಿನ ದೀಪದ ಬೆಳಕು ಪರದೆಯ ಮೇಲೆ ಬೀಳುತ್ತೆ. ಹಿಂಬೆಳಕು, ಮುಂಬೆಳಕು ಅಂತ ಬರೆದಿದ್ದೇನೆ, ಓದಿದವರಿಗೆ ಅರ್ಥ ಆಗುತ್ತಾ? ಮತ್ತೆ ಪುಟ ‘ತಿರುವಿ’ ಅನ್ನಲಾ, ‘ಮಗುಚಿ’ ಅನ್ನಲಾ? ಅತ್ತೆ ಮಗುಚುವುದು ಅನ್ನುತ್ತಾರೆ, ಆದರೆ ಪರದೆಯಲ್ಲಿ ಮಗುಚಲು ಏನೂ ಇಲ್ಲ, ಬೆರಳಲ್ಲಿ ತಟ್ಟುವುದಷ್ಟೇ.

ನಿಮ್ಮ ಮನೆಯ ಹಿರಿಯರು ಯಾರಾದರೂ ಬಟ್ಟೆಯ ಕಡತ ಕಂಡಿದ್ದರೆ, ಅದನ್ನು ತೆರೆಯುವುದಕ್ಕೆ ಯಾವ ಕ್ರಿಯಾಪದ ಬಳಸುತ್ತಿದ್ದರು ಅಂತ ಕೇಳಿ ತಿಳಿಸಿ. ಬಿಚ್ಚುವುದಾ, ಹರಡುವುದಾ, ಬಿಡಿಸುವುದಾ? ಚೀಟಿಯಲ್ಲಿ ಸದ್ಯಕ್ಕೆ ಪೆನ್ಸಿಲಿನಲ್ಲಿ ‘ಓದುಹಲಗೆ’ ಅಂತ ಬರೆದಿಟ್ಟಿದ್ದೇನೆ. ಭಾನುವಾರ ಡಬ್ಬಿ ಬಾಳೆಹೊನ್ನೂರಿಗೆ ಹೋಗುತ್ತೆ. ಅಷ್ಟರೊಳಗೆ ಹೇಳಿದರೆ ಪೆನ್ನಿನಲ್ಲಿ ತಿದ್ದುತ್ತೇನೆ.