ಫರ್ಮ್‌ವೇರ್ ಕೆಲಸದಿಂದ ಪೇಟೆಂಟ್ ವೃತ್ತಿಗೆ ಬರಲು ಕಾನೂನು ಪದವಿ ಬೇಕೇ?

ಪ್ರಶ್ನೆ

ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಪಂಪ್‌ಸೆಟ್ ಕಂಟ್ರೋಲರ್‌ಗಳಿಗೆ ಫರ್ಮ್‌ವೇರ್ (ಸಾಧನದೊಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್) ಬರೆಯುತ್ತಿದ್ದೇನೆ. ಪೇಟೆಂಟ್ ಅರ್ಜಿಗಳನ್ನು ಸಿದ್ಧಪಡಿಸುವ ವೃತ್ತಿಗೆ ಬರಬೇಕೆಂಬ ಆಸೆಯಿದೆ. ಇದಕ್ಕೆ ಎಲ್‌ಎಲ್‌ಬಿ ಕಡ್ಡಾಯವೇ? ಭಾರತದಲ್ಲಿ ಸಾಫ್ಟ್‌ವೇರ್‌ಗೆ ಪೇಟೆಂಟ್ ಸಿಗುವುದೇ ಇಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಹಾಗಿದ್ದರೆ ಈ ಕ್ಷೇತ್ರದವರು ದಿನವಿಡೀ ಮಾಡುವ ಕೆಲಸವಾದರೂ ಏನು?

ಉತ್ತರ 1

ಕಡ್ಡಾಯವಲ್ಲ. 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದಲ್ಲಿ ಪದವಿ ಪಡೆದ, 21 ವರ್ಷ ತುಂಬಿದ ಭಾರತೀಯ ಪ್ರಜೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪೇಟೆಂಟ್ ಏಜೆಂಟ್ ಆಗಿ ನೋಂದಾಯಿಸಿಕೊಳ್ಳಬಹುದು. ಪೇಟೆಂಟ್ ಕಚೇರಿಯ ಮುಂದಿನ ವ್ಯವಹಾರಕ್ಕೆ ಇಷ್ಟು ಸಾಕು. ಉಲ್ಲಂಘನೆಯ ದಾವೆಯನ್ನು ನ್ಯಾಯಾಲಯದಲ್ಲಿ ವಾದಿಸಬೇಕಾದರೆ ಮಾತ್ರ ವಕೀಲರಾಗಿರಬೇಕು. ಕರ್ನಾಟಕವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆಯಾದರೂ ಅರ್ಜಿಗಳು ಆನ್‌ಲೈನ್‌ನಲ್ಲೇ ಸಲ್ಲಿಕೆಯಾಗುವುದರಿಂದ ನೀವು ಊರು ಬಿಡಬೇಕಾಗಿಲ್ಲ.

ಉತ್ತರ 2

ನಿಮ್ಮ ಸಹೋದ್ಯೋಗಿಗಳ ಮಾತು ಅರ್ಧ ಸತ್ಯ. ಕಾಯ್ದೆಯ 3(ಕೆ) ಸೆಕ್ಷನ್ ಗಣಿತ ವಿಧಾನ, ವ್ಯವಹಾರ ವಿಧಾನ, ಆಲ್ಗರಿದಮ್ ಹಾಗೂ ಬರೀ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹೊರಗಿಡುತ್ತದೆ. ಆದರೆ ತಾಂತ್ರಿಕ ಪರಿಣಾಮವನ್ನೋ ಕೊಡುಗೆಯನ್ನೋ ತೋರಿಸುವ ಆವಿಷ್ಕಾರವನ್ನು, ಅದು ಪ್ರೋಗ್ರಾಂ ಆಧರಿಸಿದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಾಗದೆಂದು ದೆಹಲಿ ಹೈಕೋರ್ಟ್ 2019ರಲ್ಲಿ ಫೆರಿದ್ ಅಲಾನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆ ಪರಿಣಾಮ ಎಲ್ಲಿದೆಯೆಂದು ಹುಡುಕಿ ಬರೆಯುವುದೇ ನಮ್ಮ ಕೆಲಸದ ಬಹುಪಾಲು.

ನಿಮ್ಮ ಪಂಪ್‌ಸೆಟ್ಟನ್ನೇ ನೋಡಿ. ಬೋರ್‌ವೆಲ್ ಬತ್ತಿದಾಗ ಮೋಟಾರ್ ಡ್ರೈ ರನ್ ಆಗಿ ಸುಡದಂತೆ ತಡೆಯುವ ಕಂಟ್ರೋಲರ್‌ ಒಂದಿದೆಯೆನ್ನಿ. ‘ಕರೆಂಟ್ ಮೌಲ್ಯಗಳನ್ನು ಹೋಲಿಸುವ ಪ್ರೋಗ್ರಾಂ’ ಎಂದು ಕ್ಲೇಮ್ (ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ಭಾಗ) ಬರೆದರೆ 3(ಕೆ) ಆಕ್ಷೇಪಣೆ ಬಂದೇ ಬರುತ್ತದೆ. ಆದ್ದರಿಂದ ಆವಿಷ್ಕಾರಕರನ್ನು ಎದುರು ಕೂರಿಸಿಕೊಂಡು, ಕರೆಂಟ್ ಇಳಿದದ್ದು ನೀರಿಲ್ಲದೆಯೋ ವೋಲ್ಟೇಜಿನ ಏರುಪೇರಿನಿಂದಲೋ ಎಂಬುದನ್ನು ಸಾಧನ ಹೇಗೆ ಗುರುತಿಸುತ್ತದೆ, ವೋಲ್ಟೇಜ್ ಮತ್ತು ಕರೆಂಟ್‌ ನಡುವಿನ ಫೇಸ್ ಕೋನವನ್ನೂ ಅಳೆಯುತ್ತದೆಯೇ, ಮೋಟಾರಿನ ವಿದ್ಯುತ್ ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ಬಿಡುವ ಮೊದಲು ಎಷ್ಟು ಎಸಿ ಸೈಕಲ್ ಕಾಯುತ್ತದೆ, ಅನಗತ್ಯ ಟ್ರಿಪ್ (ಕಾರಣವಿಲ್ಲದೆ ಮೋಟಾರ್ ನಿಲ್ಲುವುದು) ಎಷ್ಟು ಕಡಿಮೆಯಾಯಿತು ಎಂದು ಬಿಡದೆ ಕೇಳಬೇಕು. ಹಾಗೆಂದು ಸೆನ್ಸರ್ ಮತ್ತು ರಿಲೇಗಳ ಹೆಸರು ಸೇರಿಸಿದ ಮಾತ್ರಕ್ಕೆ ಹಳೆಯ ತಂತ್ರ ಹೊಸದಾಗುವುದಿಲ್ಲ. ಡ್ರೈ ರನ್ ತಡೆಯುವ ಸಾಧನಗಳು ಈಗಾಗಲೇ ಮಾರುಕಟ್ಟೆಯಲ್ಲಿರುವುದರಿಂದ, ಅವುಗಳಲ್ಲಿ ಇಲ್ಲದ್ದು ಯಾವುದು ಎಂಬುದೇ ನಿರ್ಣಾಯಕ.

ಇದೆಲ್ಲವೂ ‘ಸಂಪೂರ್ಣ ವಿವರಣೆ’ಯಲ್ಲಿ, ಅಂದರೆ ಆವಿಷ್ಕಾರವನ್ನು ಪೂರ್ತಿ ವಿವರಿಸಿ ಪೇಟೆಂಟ್ ಕಚೇರಿಗೆ ಕೊಡುವ ದಾಖಲೆಯಲ್ಲಿ, ಇರಲೇಬೇಕು. ಅಲ್ಲಿ ಬಿಟ್ಟುಹೋದ ಹೊಸ ವಿಷಯವನ್ನು ಮುಂದೆ ತಿದ್ದುಪಡಿಯ ಹೆಸರಿನಲ್ಲಿ ಸೇರಿಸಲು 59ನೇ ಸೆಕ್ಷನ್ ಬಿಡುವುದಿಲ್ಲ. ಫರ್ಮ್‌ವೇರ್ ಬರೆದವರಿಗೆ ಈ ಪ್ರಶ್ನೆಗಳು ಸಹಜವಾಗಿಯೇ ಹೊಳೆಯುತ್ತವೆ; ನಿಮ್ಮ ಅನುಭವಕ್ಕೆ ಇಲ್ಲಿ ನಿಜವಾದ ಬೆಲೆಯಿದೆ.

ಉತ್ತರ 3

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಅರ್ಜಿ ಹಾಕುವ ಮೊದಲೇ ಯಂತ್ರವನ್ನು ಕೃಷಿ ಮೇಳದಲ್ಲಿ ಎಲ್ಲರೆದುರು ಬಿಚ್ಚಿ ತೋರಿಸಿದರೆ ಹೊಸತನವೇ ಕೈತಪ್ಪಬಹುದು, ಏಕೆಂದರೆ ಪ್ರದರ್ಶನಗಳ ಮಟ್ಟಿಗೆ 31ನೇ ಸೆಕ್ಷನ್ ಕೊಡುವ ವಿನಾಯಿತಿ ಕೇಂದ್ರ ಸರ್ಕಾರ ಅಧಿಸೂಚಿಸಿದವುಗಳಿಗೆ ಮಾತ್ರ. ಅವಸರವಿದ್ದರೆ ತಾತ್ಕಾಲಿಕ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಸಂಪೂರ್ಣ ವಿವರಣೆ ಕೊಡಬಹುದು. ಇದನ್ನು ಕಕ್ಷಿದಾರರಿಗೆ ಮೊದಲ ಭೇಟಿಯಲ್ಲೇ ತಿಳಿಸಿಬಿಡುವುದು ಒಳ್ಳೆಯದು.

ಪರೀಕ್ಷೆಯ ತಯಾರಿಗೆ, ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ನಿಮ್ಮ ಕ್ಷೇತ್ರದ ಅರ್ಜಿಗಳನ್ನು ಹುಡುಕಿ, ಮೊದಲ ಪರೀಕ್ಷಾ ವರದಿಯನ್ನೂ (ಅರ್ಜಿಯನ್ನು ಪರಿಶೀಲಿಸಿ ಕಚೇರಿ ಕಳಿಸುವ ಆಕ್ಷೇಪಣೆಗಳ ಪತ್ರ) ಅದಕ್ಕೆ ಏಜೆಂಟ್ ಕೊಟ್ಟ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ.