14 ಆಸ್ಪತ್ರೆಗೆ ಒಂದೇ ದೊಡ್ಡ ಖರೀದಿ, ಪ್ಲ್ಯಾನ್ ಎಲ್ಲಿಂದ ಶುರು ಮಾಡ್ಲಿ? ಅನುಭವ ಇರೋರು ಹೇಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೂ ಎಸ್ಟಾಬ್ಲಿಶ್‌ಮೆಂಟ್ ಸೆಕ್ಷನ್‌ನಲ್ಲಿದ್ದೆ, ಹೋದ ತಿಂಗಳು ಖರೀದಿ ವಿಭಾಗಕ್ಕೆ ಹಾಕಿದಾರೆ. ಬಂದ ತಕ್ಷಣ ಸಿಕ್ಕಿದ್ದು 14 ತಾಲ್ಲೂಕು ಆಸ್ಪತ್ರೆಗಳಿಗೆ ಸಿಟಿ ಸ್ಕ್ಯಾನ್, ಡಿಜಿಟಲ್ ಎಕ್ಸ್‌ರೇ, ಲ್ಯಾಬ್ ಅನಲೈಸರ್ ಎಲ್ಲಾ ಸೇರಿದ ಫೈಲು. ಆಡಳಿತಾತ್ಮಕ ಅನುಮೋದನೆ ಆಗಿದೆ, ಮಾರ್ಚ್ ಒಳಗೆ ಬಿಲ್ ಆಗ್ಲೇಬೇಕು ಅಂತಿದಾರೆ. ಹಳೇ ಟೆಂಡರ್ ದಾಖಲೆ ತಗೊಂಡು ಸಂಖ್ಯೆ ತಿದ್ದಿ ಪೋರ್ಟಲ್‌ಗೆ ಹಾಕ್ಬಿಡಿ ಅಂತ ಪಕ್ಕದ ಟೇಬಲ್‌ನವರು ಹೇಳ್ತಾರೆ, ನನ್ ಮನಸ್ಸು ಒಪ್ತಿಲ್ಲ. ಮೊದಲು ಏನ್ ಮಾಡ್ಬೇಕು?

ಉತ್ತರ, ಖರೀದಿ ವಿಭಾಗದಲ್ಲಿ 22 ವರ್ಷ ಇದ್ದು ನಿವೃತ್ತರಾದವರು:
ಮೇಡಂ, ಒಪ್ಪದೇ ಇರೋದೇ ಒಳ್ಳೇದು. ಹಳೇ ದಾಖಲೆ ಎತ್ತಿ ಹಾಕೋ ಕೆಲಸ ನಾನು ಒಂದ್ಸಲ ಮಾಡಿದೀನಿ. ಎಕ್ಸ್‌ರೇ ಮೆಷಿನ್‌ಗಳು ಟೈಮಿಗೆ ಬಂದ್ವು, ಬಿಲ್ಲೂ ಪಾಸಾಯ್ತು, ಆದ್ರೆ ಮೂರು ಆಸ್ಪತ್ರೆಲಿ ಅದಕ್ಕೆ ರೂಮೇ ಇರ್ಲಿಲ್ಲ, ಇನ್ನೊಂದ್ಕಡೆ ರೂಮಿತ್ತು ಕರೆಂಟ್ ಲೋಡ್ ಸಾಲ್ತಿರ್ಲಿಲ್ಲ, ಪೆಟ್ಟಿಗೆ ಬಿಚ್ಚದೆ ವರಾಂಡದಲ್ಲೇ ಬಿದ್ದಿದ್ವು, ವಾರಂಟಿ ಡೆಲಿವರಿ ದಿನದಿಂದ ಅಂತ ಹಳೇ ದಾಖಲೆಲಿ ಬರೆದಿದ್ದಕ್ಕೆ ಪೆಟ್ಟಿಗೆ ಒಳಗಿದ್ದ ಹಾಗೇ ವಾರಂಟಿ ಮುಗೀತು. ಕೈ ಮುರ್ಕೊಂಡ ಮಕ್ಕಳನ್ನ 40 ಕಿಲೋಮೀಟರ್ ದೂರದ ಜಿಲ್ಲಾಸ್ಪತ್ರೆಗೆ ಕಳಿಸ್ತಿದ್ರು. ಅದು ಇವತ್ತಿಗೂ ಮನಸಿಂದ ಹೋಗಿಲ್ಲ ನಂಗೆ.

ಅದಕ್ಕೇ ದಾಖಲೆ ಮುಟ್ಟೋಕೆ ಮುಂಚೆ 14 ಊರಿಗೂ ಹೋಗಿ ಬನ್ನಿ. ರೂಮಿನ ಅಳತೆ, ತ್ರೀ ಫೇಸ್ ಕರೆಂಟ್, ಅರ್ಥಿಂಗ್, ಎಸಿ, ಕ್ರೇಟ್ ಒಳಗೆ ಹೋಗೋಷ್ಟು ಬಾಗಿಲು ಅಗಲ ಇದ್ಯಾ, ಮೆಷಿನ್ ನಡೆಸೋ ಟೆಕ್ನಿಷಿಯನ್ ಪೋಸ್ಟ್ ಭರ್ತಿ ಆಗಿದ್ಯಾ, ಇಷ್ಟನ್ನೂ ಫೋಟೋ ಸಮೇತ ಬರ್ಕೊಳ್ಳಿ. ಆಮೇಲೆ ದಿನದ ಲೆಕ್ಕ ಹಿಂದಿನಿಂದ ಹಾಕಿ. ಮೊದಲ ರೋಗಿಗೆ ಸ್ಕ್ಯಾನ್ ಆಗೋ ದಿನ ಇಟ್ಕೊಂಡು ಅಲ್ಲಿಂದ ಹಿಂದಕ್ಕೆ ಬನ್ನಿ, ಇನ್‌ಸ್ಟಾಲ್ ಮಾಡೋ ದಿನಗಳು, ಮಾಲು ಬರೋಕೆ ಹಿಡಿಯೋ ಟೈಮು, ಒಪ್ಪಂದ, ಹಣಕಾಸು ಬಿಡ್, ತಾಂತ್ರಿಕ ಬಿಡ್ ಪರಿಶೀಲನೆ, ಬಿಡ್ ಹಾಕೋರಿಗೆ ನಿಯಮದ ಪ್ರಕಾರ ಕೊಡ್ಲೇಬೇಕಾದ ಅವಧಿ, ಯಾರಾದ್ರೂ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿ ಪಾರದರ್ಶಕವಾಗಿರೋಕೆ ಇರೋ ರಾಜ್ಯದ ಕಾನೂನು) 16ನೇ ಸೆಕ್ಷನ್‌ನಲ್ಲಿ ಅಪೀಲ್ ಹೋದ್ರೆ ಅದಕ್ಕೊಂದಷ್ಟು ದಿನ. ಮಾರ್ಚ್‌ಗೆ ಆಗಲ್ಲ ಅಂತ ಲೆಕ್ಕದಲ್ಲೇ ಕಾಣುತ್ತೆ. ಅದನ್ನ ಬಾಯಲ್ಲಿ ಹೇಳ್ಬೇಡಿ, ಟಿಪ್ಪಣಿ ಹಾಕಿ ಈಗ್ಲೇ ಮೇಲಕ್ಕೆ ಕಳಿಸಿ. ಟೈಮಿಲ್ಲ, 4ಜಿ ವಿನಾಯಿತಿ, ಅಂದ್ರೆ ಅದೇ ಕಾಯ್ದೆ 4(ಜಿ) ಪ್ರಕಾರ ಟೆಂಡರ್ ಇಲ್ದೆ ಕೊಳ್ಳೋ ಅನುಮತಿ ತಗೊಂಡು ನೇರವಾಗಿ ಕೊಡೋಣ ಅಂತ ಯಾರಾದ್ರೂ ಅಂದೇ ಅಂತಾರೆ, ನಮ್ಮ ಕಡೆಯಿಂದ ಆದ ತಡ ಅದಕ್ಕೆ ಕಾರಣ ಆಗಬಾರ್ದು.

ಉತ್ತರ, ಬಯೋಮೆಡಿಕಲ್ ಇಂಜಿನಿಯರ್:
ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೀನಿ. ಸಿಟಿ ಸ್ಕ್ಯಾನ್ ಶುರು ಮಾಡೋಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದ್ರೆ ಎಇಆರ್‌ಬಿ ಲೈಸೆನ್ಸ್ ಬೇಕೇ ಬೇಕು, ಅವರದ್ದೇ ಇಲೋರಾ ಪೋರ್ಟಲ್‌ನಲ್ಲಿ ಅರ್ಜಿ. ಯಾರು ಹಾಕ್ಬೇಕು, ಸಪ್ಲೈಯರ್ ಎಲ್ಲಿವರೆಗೂ ಜೊತೆಗಿರ್ಬೇಕು ಅಂತ ಟೆಂಡರ್‌ನಲ್ಲೇ ಬರೀರಿ. ಲ್ಯಾಬ್ ಅನಲೈಸರ್ ವಿಷಯದಲ್ಲಿ ಬಹಳ ಜನ ಎಡವೋದು ರೀಏಜೆಂಟ್‌ನಲ್ಲಿ, ಅಂದ್ರೆ ಟೆಸ್ಟಿಗೆ ಬಳಸೋ ರಾಸಾಯನಿಕದಲ್ಲಿ. ಮೆಷಿನ್ ಅಗ್ಗಕ್ಕೆ ಕೊಟ್ಬಿಡ್ತಾರೆ, ಆಮೇಲೆ ಅವರದ್ದೇ ರೀಏಜೆಂಟ್ ಬಿಟ್ರೆ ಬೇರೆ ನಡೆಯಲ್ಲ, ರೇಟ್ ಅವರು ಹೇಳಿದ್ದೇ. ಒಂದು ಟೆಸ್ಟಿಗೆ ಎಷ್ಟು ಬೀಳುತ್ತೆ ಅಂತ 5 ವರ್ಷಕ್ಕೆ ರೇಟ್ ಕೇಳಿ, ಸಿಎಂಸಿನೂ (ಬಿಡಿಭಾಗ ಸಮೇತ ಪೂರ್ತಿ ನಿರ್ವಹಣೆ ಒಪ್ಪಂದ) ಅದರಲ್ಲೇ ಸೇರಿಸಿ, ಸಿಟಿ ಎಕ್ಸ್‌ರೇ ಟ್ಯೂಬ್ ಸಿಎಂಸಿ ಒಳಗೋ ಹೊರಗೋ ಅಂತ ಬಿಡಿಸಿ ಬರೀರಿ, ಅದೊಂದೇ ದೊಡ್ಡ ಮೊತ್ತ. ಎಲ್‌1 (ಅತಿ ಕಡಿಮೆ ದರದ ಬಿಡ್) ಅಂದ್ರೆ ಮೆಷಿನ್ ಬೆಲೆ ಮಾತ್ರ ನೋಡ್ಬೇಕು ಅಂತ ಆಫೀಸಲ್ಲಿ ವಾದ ಬರುತ್ತೆ, ಆಗ ಕಾಯ್ದೆ 13ನೇ ಸೆಕ್ಷನ್ ತೋರ್ಸಿ, ಟೆಂಡರ್ ದಾಖಲೆಲಿ ಮೊದಲೇ ಹೇಳಿದ ಅಳತೆ ಮಾಡಬಹುದಾದ ಅಂಶಗಳ ಮೇಲೆ ಕಡಿಮೆ ಬಂದವರು ಅಂತಿದೆ.

ಉತ್ತರ, ಬಿಡ್ ಹಾಕೋ ಕಡೆ ಕೆಲಸ ಮಾಡೋರು:
ನಮ್ ಕಡೆಯಿಂದ ಒಂದು ಮಾತು ಮೇಡಂ. ಸಿಟಿ, ಎಕ್ಸ್‌ರೇ, ಲ್ಯಾಬ್ ಮೂರನ್ನೂ ಒಂದೇ ಗಂಟು ಕಟ್ಟಿದ್ರೆ ಮೂರೂ ಮಾಡೋ ಕಂಪನಿ ಎರಡೋ ಮೂರೋ, ಸ್ಪರ್ಧೆನೇ ಇರಲ್ಲ. ಪ್ಯಾಕೇಜ್ ಬೇರೆ ಬೇರೆ ಮಾಡಿ. ಟೆಂಡರ್ ಮೊತ್ತದ ಮಿತಿ ತಪ್ಪಿಸೋಕೆ ಖರೀದಿನ ತುಂಡು ಮಾಡೋದು ತಪ್ಪು, ಇದು ಅದಲ್ಲ, ಕಾರಣ ಫೈಲ್‌ನಲ್ಲಿ ಬರೆದಿಡಿ. ಕರಡು ಸ್ಪೆಕ್ (ಮೆಷಿನ್ ಹೇಗಿರ್ಬೇಕು ಅನ್ನೋ ತಾಂತ್ರಿಕ ವಿವರ) ಮೊದಲೇ ಎಲ್ಲಾ ಕಂಪನಿಗೂ ಒಟ್ಟಿಗೆ ಕೊಟ್ಟು ಅಭಿಪ್ರಾಯ ಕೇಳಿ, ಒಬ್ಬರ ಕ್ಯಾಟಲಾಗ್‌ನಿಂದ ಇಳಿಸಿದ ಸ್ಪೆಕ್ ನಮಗೆ ಓದಿದ ಕೂಡ್ಲೇ ಗೊತ್ತಾಗುತ್ತೆ, ನಾವು ಬಿಡ್ ಹಾಕೋದೇ ಇಲ್ಲ.

ಉತ್ತರ, ಬೆಂಗಳೂರಿಂದ:
ನಮ್ಮ ಮೆಟ್ರೋ ಹಳದಿ ಮಾರ್ಗ ನೋಡಿ. 2019ರಲ್ಲಿ 216 ಬೋಗಿಗೆ 1,578 ಕೋಟಿ ರೂಪಾಯಿ ಒಪ್ಪಂದ ಆಯ್ತು, ಬಹುಪಾಲು ಬೋಗಿ ಭಾರತದಲ್ಲೇ ತಯಾರಾಗ್ಬೇಕು ಅನ್ನೋ ಷರತ್ತು, ಗೆದ್ದ ಚೀನಾ ಕಂಪನಿಗೆ ಇಲ್ಲಿ ಫ್ಯಾಕ್ಟರಿ ಹಾಕೋಕೆ ಆಗ್ಲಿಲ್ಲ, ಕೊನೆಗೆ ಬಂಗಾಳದ ಟಿಟಾಗಢ ಕಂಪನಿ ಜೊತೆ ಸೇರಿ ಮಾಡ್ಬೇಕಾಯ್ತು. ಆರ್ ವಿ ರೋಡ್ ಟು ಬೊಮ್ಮಸಂದ್ರ ಹಳಿ ಸ್ಟೇಷನ್ ಎಲ್ಲಾ ಇದ್ದು ರೈಲೇ ಇಲ್ದೆ ಜನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲೇ ಒದ್ದಾಡಿದ್ರು, 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದಾಗ್ಲೂ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಷರತ್ತು ಬರೆಯೋದು ಸುಲಭ. ಗೆದ್ದವರು ಅದನ್ನ ಹೇಗೆ ಪೂರೈಸ್ತಾರೆ ಅಂತ ಬಿಡ್ ಹಂತದಲ್ಲೇ ಕೇಳ್ಬೇಕು, ತಿಂಗಳಿಗಿಷ್ಟು ಅಂತ ಗಡುವು ಹಾಕ್ಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಪ್ಪಣಿ ಬರೀತಿದೀನಿ, ಸೋಮವಾರ ಮೊದಲ ಎರಡು ಆಸ್ಪತ್ರೆಗೆ ಹೊರಡ್ತೀನಿ. ರೂಮ್ ಸಿವಿಲ್ ಕೆಲಸ ಸಪ್ಲೈಯರ್‌ಗೇ ಕೊಡೋದಾ, ಬೇರೆ ಟೆಂಡರ್ರಾ?

ಉತ್ತರ, ನಿವೃತ್ತರು:
ಒಳಗಿನ ಕೆಲಸ, ಅಂದ್ರೆ ವೈರಿಂಗ್, ಎಸಿ, ಲೆಡ್ ಹೊದಿಕೆ ಸಪ್ಲೈಯರ್‌ಗೇ ಸೇರಿಸಿ, ಆಮೇಲೆ ಒಬ್ಬರ ಮೇಲೊಬ್ಬರು ಹಾಕೋಕಾಗಲ್ಲ. ಗೋಡೆ ಕಟ್ಟೋದಿದ್ರೆ ಇಂಜಿನಿಯರಿಂಗ್ ವಿಭಾಗಕ್ಕೆ ಈಗ್ಲೇ ಪತ್ರ ಹಾಕಿ. ಮೊದಲು ಹೆಚ್ಚು ದೂರ ಇರೋ ಆಸ್ಪತ್ರೆಗೆ ಹೋಗಿ ಮೇಡಂ, ಅಲ್ಲೇ ಎಲ್ಲಕ್ಕಿಂತ ಕಷ್ಟ ಇರುತ್ತೆ.