ಸೆಕೆಂಡ್ ಬೇಸ್ ರ‍್ಯಾಂಕಿಂಗ್ ಶೀಟ್ ತಲೆಕೆಟ್ಟಂತೆ ಆಡುತ್ತಿದೆ, ಶುಕ್ರವಾರದೊಳಗೆ ಯಾರಾದರೂ ನೋಡಿ

ಮೈಸೂರುಪಾಕ್_ಎನ್‌ಜೆ (ಜುಲೈ 12, 2023, ಬೆಳಗ್ಗೆ 7:10)

ಮೂರು ರಾತ್ರಿ ಹಾಳಾಯಿತು. ಆಲ್-ಸ್ಟಾರ್ ಬಿಡುವು ಸಿಕ್ಕಿತಲ್ಲ ಅಂತ ಬೇಸ್‌ಬಾಲ್ ಫ್ಯಾಂಟಸಿ ತಂಡಕ್ಕೆ ಸೆಕೆಂಡ್ ಬೇಸ್‌ಮನ್‌ಗಳ ಶೀಟ್ ಮಾಡಲು ಕೂತೆ. ಐದು ಕಾಲಂ, ಐದಕ್ಕೂ ಝಡ್ ಸ್ಕೋರ್ (ಉಳಿದವರ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನೋ ಅಂಕ), ಎಲ್ಲ ಕೂಡಿಸಿ ಸಾರ್ಟ್. ಬಂದ ಪಟ್ಟಿ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲು ಅರಾಯೆಜ್. ಸರಿ, ಒಪ್ಪೋಣ. ಎರಡನೆಯವನು ವರ್ಷವೆಲ್ಲ ಬೆಂಚ್ ಬಿಸಿ ಮಾಡಿದ ಒಬ್ಬ. 30 ಸಲ ಬ್ಯಾಟ್ ಹಿಡಿದಿದ್ದರೆ ಹೆಚ್ಚು. ಸೆಮಿಯೆನ್ ಏಳನೇ ಜಾಗ! ಗಿಮೆನೆಸ್ ಸಾಲಿನಲ್ಲಿ ಬರೀ ಎರರ್. ವಾಷಿಂಗ್ಟನ್‌ನ ಲೂಯಿಸ್ ಗಾರ್ಸಿಯಾ ಪಾತಾಳದಲ್ಲಿದ್ದಾನೆ.

ಆಫೀಸಿನವರೊಬ್ಬರು ಸೆಮಿಯೆನ್ ಕೊಡ್ತೀನಿ, ಅರಾಯೆಜ್ ಕೊಡಿ ಅಂತಿದ್ದಾರೆ. ಶೀಟ್ ಬೇಡ ಅನ್ನುತ್ತದೆ, ಮನಸ್ಸು ತಗೋ ಅನ್ನುತ್ತದೆ. ಶುಕ್ರವಾರ ಆಟ ಮತ್ತೆ ಶುರು. ಶೀಟಿನಲ್ಲಿ ಎಲ್ಲಿ ತಪ್ಪಾಗಿದೆ?

ಬೇಏರಿಯಾ_ಭಟ್ಟ (7:42)

ಶೀಟಿನಲ್ಲಿ ತಪ್ಪಿಲ್ಲ ಸ್ವಾಮಿ, ಅದೃಷ್ಟದ ಲೆಕ್ಕ ಬಿಟ್ಟಿದ್ದೀರಿ. ಬ್ಯಾಬಿಪ್ ನೋಡಿ. ಹೊಡೆದ ಚೆಂಡು ಮೈದಾನದೊಳಗೆ ಬಿದ್ದಾಗ ಎಷ್ಟು ಸಲ ಹಿಟ್ ಆಗುತ್ತದೆ, ಅಂದರೆ ಬ್ಯಾಟರ್ ಔಟಾಗದೆ ಬೇಸ್ ಮುಟ್ಟುತ್ತಾನೆ ಅನ್ನೋ ಲೆಕ್ಕ ಅದು. ಲೀಗಿನ ಸರಾಸರಿ .300ರ ಆಸುಪಾಸು, ಅಂದರೆ ಹತ್ತಕ್ಕೆ ಮೂರು. ಅರಾಯೆಜ್ ಅದಕ್ಕಿಂತ ಎಷ್ಟೋ ಮೇಲಿದ್ದಾನೆ. ಜೂನ್‌ನಲ್ಲಿ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಹಿಡಿದ ಸಲಗಳಲ್ಲಿ ಹಿಟ್‌ನ ಪಾಲು) .400 ಮುಟ್ಟಿದ್ದವನು ಈಗಾಗಲೇ ಇಳಿಯುತ್ತಿದ್ದಾನೆ. ಕಣ್ಣು ಮುಚ್ಚಿ ಮಾರಿ.

ಗಿಲ್ಲಿದಾಂಡು (8:05)

ಮೊದಲು ಯಾವ ಲೀಗ್ ಹೇಳಿ. ಇಡೀ ವರ್ಷದ ಒಟ್ಟು ಲೆಕ್ಕದ ರೋಟೋನಾ, ವಾರವಾರ ಒಬ್ಬರ ಎದುರು ಒಬ್ಬರು ಆಡುವ ಹೆಡ್ ಟು ಹೆಡ್ಡಾ, ಪಾಯಿಂಟ್ಸಾ? ಎಷ್ಟು ತಂಡ? ಸೆಕೆಂಡ್ ಬೇಸ್‌ಮನ್‌ನ್ನೂ ಹಾಕಬಹುದಾದ ಮಿಡಲ್ ಇನ್‌ಫೀಲ್ಡ್ ಅನ್ನೋ ಜಾಗ ಬೇರೆ ಇದೆಯಾ?

ಮೈಸೂರುಪಾಕ್_ಎನ್‌ಜೆ (8:11)

ನಾರ್ಮಲ್ ಲೀಗೇ. 12 ತಂಡ, ರೋಟೋ.

ಶಿಕಾಗೋ_ಶೆಟ್ಟಿ (8:30)

ಭಟ್ಟರೇ, ಅರಾಯೆಜ್ ಕಳೆದ ವರ್ಷ ಮಿನೆಸೋಟದಲ್ಲಿ .316 ಹೊಡೆದು ಅಮೆರಿಕನ್ ಲೀಗಿನ ಬ್ಯಾಟಿಂಗ್ ಪಟ್ಟ ಗೆದ್ದವನು. ಎಡಕ್ಕೆ, ಬಲಕ್ಕೆ, ನಡುವೆ, ಎಲ್ಲಿ ಖಾಲಿಯೋ ಅಲ್ಲಿ ಹಾಕುತ್ತಾನೆ. ಎಲ್ಲರಿಗೂ .300 ಅನ್ನೋ ಒಂದೇ ಅಳತೆ ಹಿಡಿದರೆ ಹೇಗೆ?

ಅದಿರಲಿ, ನಮ್ಮ ಕಬ್ಸ್ ತಂಡದ ನಿಕೋ ಹೋರ್ನರ್ ನಿಮ್ಮ ಪಟ್ಟಿಯಲ್ಲಿ ಎಲ್ಲಿದ್ದಾನೆ? ಸ್ವಾನ್ಸನ್ ಬಂದ ಮೇಲೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಜಾಗ) ಬಿಟ್ಟು ಸೆಕೆಂಡ್ ಬೇಸ್‌ಗೆ ಬಂದ. ಫ್ಯಾಂಟಸಿಯಲ್ಲಿ ಎರಡೂ ಕಡೆ ನಿಲ್ಲಿಸಬಹುದು. ಈ ವರ್ಷ ಬೇಸ್ 15 ಇಂಚಿನಿಂದ 18 ಇಂಚು ಆಗಿದೆ. ಪಿಚರ್ (ಚೆಂಡೆಸೆಯುವವನು) ಸುಮ್ಮಸುಮ್ಮನೆ ಬೇಸ್‌ಗೆ ಎಸೆಯುವುದಕ್ಕೂ ಎರಡೇ ಅವಕಾಶ. ಬೇಸ್ ಕದ್ದು ಓಡುವವನಿಗೆ ಹಬ್ಬ.

ಬೇಏರಿಯಾ_ಭಟ್ಟ (8:44)

ಶಿಫ್ಟ್ (ಫೀಲ್ಡರ್‌ಗಳನ್ನು ಒಂದೇ ಕಡೆ ಗುಂಪಾಗಿ ನಿಲ್ಲಿಸುವುದು) ನಿಷೇಧ ಆಗಿದ್ದಕ್ಕೇ ಅರಾಯೆಜ್ ಬ್ಯಾಬಿಪ್ ಏರಿದ್ದು. ಅದೂ ಒಂದು ಕಾರಣ.

ಶಿಕಾಗೋ_ಶೆಟ್ಟಿ (8:47)

ಶಿಫ್ಟ್ ಹಾಕುತ್ತಿದ್ದದ್ದು ಒಂದೇ ಕಡೆ ಎಳೆದು ಹೊಡೆಯುವವರಿಗೆ. ಅರಾಯೆಜ್‌ಗೆ ಅದರಿಂದ ಏನು ಲಾಭ? ಬ್ಯಾಬಿಪ್ ಬಿಟ್ಟು ಬೇರೆ ಏನಾದರೂ ಮಾತಾಡಿ.

ಲೆಕ್ಕದಮೇಷ್ಟ್ರು (9:20)

ಇಬ್ಬರೂ ಸ್ವಲ್ಪ ತಡೆಯಿರಿ. ಬೆಂಚಿನವನು ಎರಡನೇ ಜಾಗಕ್ಕೆ ಬರುವುದಕ್ಕೂ ಅದೃಷ್ಟಕ್ಕೂ ಸಂಬಂಧ ಇಲ್ಲ. ಮೈಸೂರುಪಾಕ್ ಅವರೇ, ಫಾರ್ಮುಲಾ ಹಾಕಿ. ಅದಿಲ್ಲದೆ ಏನು ಹೇಳಿದರೂ ಜ್ಯೋತಿಷ್ಯ.

ಮೈಸೂರುಪಾಕ್_ಎನ್‌ಜೆ (9:33)

ಅದರಲ್ಲಿ ವಿಶೇಷ ಏನಿಲ್ಲ ಸರ್. ರನ್, ಹೋಮ್‌ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಸ್ಟೀಲ್ (ಬೇಸ್ ಕದಿಯುವುದು) ನಾಲ್ಕನ್ನೂ ಆಡಿದ ಪಂದ್ಯಗಳಿಂದ ಭಾಗಿಸಿದ್ದೇನೆ. ಐದನೆಯದು ಸರಾಸರಿ, ಅದು ಹಾಗೇ ಇದೆ. ಎಲ್ಲರೂ ಹೀಗೇ ಮಾಡೋದು ಅಲ್ವಾ?

ಲೆಕ್ಕದಮೇಷ್ಟ್ರು (9:58)

ಅಲ್ಲ! ಎರಡೂ ರೋಗ ಅಲ್ಲೇ ಇವೆ.

ಪಂದ್ಯಕ್ಕೆ ಇಷ್ಟು ಅಂತ ಭಾಗಿಸಿದ ತಕ್ಷಣ ಸೆಮಿಯೆನ್‌ನ ದೊಡ್ಡ ಬಂಡವಾಳವೇ ಹೋಯಿತು. ಅವನು ದಿನಾ ಆಡುತ್ತಾನೆ. 2021ರಲ್ಲಿ 162ಕ್ಕೆ 162, 2022ರಲ್ಲಿ 161. ಈಗಂತೂ ಬ್ಯಾಟಿಂಗ್ ಸಾಲಿನ ಮೊದಲಿಗ ಬೇರೆ. ರೋಟೋದಲ್ಲಿ ವರ್ಷದ ಕೊನೆಗೆ ಒಟ್ಟು ರನ್ ಎಷ್ಟು ಅಂತ ಕೇಳುತ್ತಾರೆ, ಪಂದ್ಯಕ್ಕೆಷ್ಟು ಅಂತ ಯಾರೂ ಕೇಳಲ್ಲ.

ಇನ್ನು ಸರಾಸರಿ. ಅದನ್ನು ಹಾಗೇ ಝಡ್ ಸ್ಕೋರ್‌ಗೆ ಹಾಕಬಾರದು. ಒಬ್ಬ 30 ಸಲ ಆಡಿ 12 ಹಿಟ್ ಹೊಡೆದ, .400. ಇನ್ನೊಬ್ಬ 350 ಸಲ ಆಡಿ 133 ಹೊಡೆದ, .380. ನಿಮ್ಮ ಶೀಟಿಗೆ ಮೊದಲನೆಯವನೇ ಮೇಲು. ಲೀಗಿನ ಸರಾಸರಿ .265 ಅಂತ ಇಟ್ಟುಕೊಳ್ಳಿ. ಅಷ್ಟು ಅವಕಾಶದಲ್ಲಿ ಸಾಮಾನ್ಯ ಆಟಗಾರ ಎಷ್ಟು ಹಿಟ್ ಹೊಡೆಯುತ್ತಿದ್ದ ಅಂತ ತೆಗೆದು ಕಳೆಯಿರಿ. ಮೊದಲನೆಯವನು ಜಾಸ್ತಿ ಕೊಟ್ಟದ್ದು 4 ಹಿಟ್, ಎರಡನೆಯವನು 40. ಆ 4 ಮತ್ತು 40ಕ್ಕೆ ಝಡ್ ಸ್ಕೋರ್ ಹಾಕಿ. ಬೆಂಚಿನವನು ತಾನಾಗೇ ಬೆಂಚಿಗೆ ಹೋಗುತ್ತಾನೆ.

ಜಯನಗರ_ನಾಲ್ಕನೇಬ್ಲಾಕ್ (10:15)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕ್ರಿಕೆಟ್ ಫ್ಯಾಂಟಸಿ ಆಡೋನು. 10 ಸಲದಲ್ಲಿ 6 ಸಲ ಔಟಾದವನಿಗೆ ಇಷ್ಟು ಮರ್ಯಾದೆನಾ?

ಗಿಲ್ಲಿದಾಂಡು (10:19)

ಗುರು, ಅಲ್ಲಿ 7 ಸಲ ಔಟಾದವನೇ ಒಳ್ಳೆಯ ಬ್ಯಾಟರ್. ನಿಧಾನಕ್ಕೆ ಅಭ್ಯಾಸ ಆಗುತ್ತೆ.

ಮೈಸೂರುಪಾಕ್_ಎನ್‌ಜೆ (ರಾತ್ರಿ 9:50)

ಮೇಷ್ಟ್ರೇ, ನಿಮ್ಮ ಕಾಲಿಗೆ ಬಿದ್ದೆ. ಬೆಂಚಿನವನು ಮಾಯ. ಸೆಮಿಯೆನ್ ಮೇಲೆ ಬಂದ. ಆದರೆ ಗಾರ್ಸಿಯಾಗೆ ಐದೂ ಕಾಲಂ ಇನ್ನೂ ಸೊನ್ನೆ. ಗಿಮೆನೆಸ್ ಎರರ್ ಹಾಗೇ ಇದೆ. ಎಲ್ಲ ಆಟಗಾರರನ್ನೂ ಒಂದೇ ಟ್ಯಾಬ್‌ಗೆ ಸುರಿದು ಹೆಸರಿನ ಮೇಲೆ ವಿಲುಕಪ್ (ಹೆಸರು ಹುಡುಕಿ ಅದರ ಸಾಲಿನ ಅಂಕಿ ತರುವ ಫಾರ್ಮುಲಾ) ಮಾಡಿದ್ದೇನೆ.

ಬೇಏರಿಯಾ_ಭಟ್ಟ (10:02)

ಗಾರ್ಸಿಯಾದು ಬ್ಯಾಬಿಪ್ ಕಮ್ಮಿ ಇರಬೇಕು.

ಶಿಕಾಗೋ_ಶೆಟ್ಟಿ (10:04)

ಸೊನ್ನೆ ಹೋಮ್‌ರನ್, ಸೊನ್ನೆ ರನ್‌ಗೂ ಬ್ಯಾಬಿಪ್ಪಾ ಭಟ್ಟರೇ!

ಲೆಕ್ಕದಮೇಷ್ಟ್ರು (10:21)

ಎಲ್ಲ ಆಟಗಾರರು ಅಂದರೆ ಪಿಚರ್‌ಗಳೂ ಸೇರಿ ತಾನೆ? ಲೂಯಿಸ್ ಗಾರ್ಸಿಯಾ ಅನ್ನೋರು ಈ ವರ್ಷ ಮೂವರಿದ್ದಾರೆ. ವಾಷಿಂಗ್ಟನ್‌ನವನು ನಿಮ್ಮವನು. ಹ್ಯೂಸ್ಟನ್‌ನವನು ಪಿಚರ್, ಮೇನಲ್ಲಿ ಮೊಣಕೈ ಆಪರೇಷನ್ ಆಯಿತು. ಸ್ಯಾನ್ ಡಿಯೇಗೋದವನೂ ಪಿಚರ್. ವಿಲುಕಪ್ ಮೊದಲು ಕಂಡವನನ್ನು ಎತ್ತಿಕೊಂಡು ಬರುತ್ತದೆ. 2022ರಿಂದ ಅಮೆರಿಕನ್, ನ್ಯಾಷನಲ್ ಎರಡೂ ಲೀಗಿನಲ್ಲಿ ಪಿಚರ್ ಬದಲು ಡಿಎಚ್ (ಬ್ಯಾಟಿಂಗ್ ಮಾತ್ರ ಮಾಡುವ ಆಟಗಾರ) ಬ್ಯಾಟ್ ಹಿಡಿಯುತ್ತಾನೆ. ಹಾಗಾಗಿ ಪಿಚರ್‌ನ ಬ್ಯಾಟಿಂಗ್ ಸಾಲು ಖಾಲಿ, ನಿಮಗೆ ಸೊನ್ನೆ.

ಗಿಮೆನೆಸ್‌ದು ಅಕ್ಷರದ ಮೇಲಿನ ಗೆರೆಯ ಕಾಟ. ಒಂದು ಟ್ಯಾಬ್‌ನಲ್ಲಿ ಗೆರೆ ಇರುತ್ತದೆ, ಇನ್ನೊಂದರಲ್ಲಿ ಇರಲ್ಲ. ನಮ್ಮ ಕಣ್ಣಿಗೆ ಒಂದೇ, ಶೀಟಿಗೆ ಬೇರೆ ಬೇರೆ. ಹೆಸರು ಬಿಟ್ಟು ಆಟಗಾರನ ಐಡಿ ಮೇಲೆ ಹುಡುಕಿ.

ಗಿಲ್ಲಿದಾಂಡು (10:30)

ಮ್ಯಾಕ್ಸ್ ಮನ್ಸಿ ಕಥೆ ಇನ್ನೂ ಚೆನ್ನ. ಇಬ್ಬರಿದ್ದಾರೆ. ಇಬ್ಬರನ್ನೂ ಹೊಸ ಆಟಗಾರರ ಡ್ರಾಫ್ಟ್‌ನಲ್ಲಿ ಎತ್ತಿದ್ದು ಓಕ್ಲೆಂಡ್. ಇಬ್ಬರೂ ಹುಟ್ಟಿದ್ದು ಆಗಸ್ಟ್ 25ಕ್ಕೆ, 12 ವರ್ಷ ಅಂತರ. ಹೆಸರಿಗೆ ಹುಟ್ಟಿದ ದಿನ ಜೋಡಿಸಿ ಹುಡುಕೋಣ ಅಂದರೂ ವರ್ಷ ಬಿಟ್ಟರೆ ಕೆಟ್ಟಿರಿ.

ಶಿಕಾಗೋ_ಶೆಟ್ಟಿ (10:41)

ಅದಕ್ಕೇ ನಾನು ಶೀಟ್ ಬಿಟ್ಟು ಎಷ್ಟೋ ಕಾಲ ಆಯಿತು. ನನ್ನದು ಪೈಥಾನ್ ಸ್ಕ್ರಿಪ್ಟ್. ಬೆಳಗಿನ ಜಾವ ಐದಕ್ಕೆ ತಾನೇ ಓಡುತ್ತದೆ, ಕಾಫಿ ಸೋಸುವಷ್ಟರಲ್ಲಿ ಪಟ್ಟಿ ಫೋನಿಗೆ ಬಂದಿರುತ್ತದೆ. 20 ತಂಡದ ಡೈನಾಸ್ಟಿ ಲೀಗ್ (ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಇಟ್ಟುಕೊಳ್ಳುವುದು), 40 ಜನರ ರೋಸ್ಟರ್. ಮೂರು ಮಾನಿಟರ್. ಫೋಟೋ ಹಾಕಲಾ?

ಗಿಲ್ಲಿದಾಂಡು (10:43)

ಬೇಡ. ಆ ಲೀಗಿನಲ್ಲಿ ಎಷ್ಟನೇ ಜಾಗದಲ್ಲಿದ್ದೀರಿ ಅದು ಹೇಳಿ ಶೆಟ್ರೇ.

ಶಿಕಾಗೋ_ಶೆಟ್ಟಿ (10:52)

ರೀಬಿಲ್ಡ್ ಮಾಡ್ತಿದ್ದೇನೆ.

ಗಿಲ್ಲಿದಾಂಡು (ಜುಲೈ 13, ಬೆಳಗ್ಗೆ 7:30)

ಮೈಸೂರುಪಾಕ್, ಇಷ್ಟು ಹೊತ್ತು ನೋಡಿದ್ದೆಲ್ಲ ಆಗಿಹೋದ ಅರ್ಧ. ನೀವು ಕೊಳ್ಳುವುದು ಮುಂದಿನ ಅರ್ಧ. ಆಲ್ಟುವೆ ನೋಡಿ. ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಆಡುವಾಗ ಹೆಬ್ಬೆರಳು ಮುರಿದು ಮೇ ತನಕ ಬರಲಿಲ್ಲ. ಈಗ ಪಕ್ಕೆಲುಬಿನ ಹತ್ತಿರದ ಸ್ನಾಯು. ಶೀಟಿನಲ್ಲಿ ಕೆಳಗಿರುತ್ತಾನೆ, ಆದರೆ ಆಗಸ್ಟ್‌ನಲ್ಲಿ ಅವನು ಯಾರಿಗೆ ಬೇಡ? ಸೆಮಿಯೆನ್‌ಗೂ 2022ರಲ್ಲಿ ಮೇ 28ರ ತನಕ ಒಂದೂ ಹೋಮ್‌ರನ್ ಇರಲಿಲ್ಲ. ವರ್ಷದ ಕೊನೆಗೆ 26 ಹೋಮ್‌ರನ್, 25 ಸ್ಟೀಲ್.

ಮೂಕಿ ಬೆಟ್ಸ್‌ನೂ ಸೇರಿಸಿ. ಡಾಡ್ಜರ್ಸ್ ಈ ವರ್ಷ ಅವನನ್ನು ಸೆಕೆಂಡ್ ಬೇಸ್‌ನಲ್ಲಿ ಆಡಿಸುತ್ತಿದೆ.

ಶಿಕಾಗೋ_ಶೆಟ್ಟಿ (7:41)

ಬೆಟ್ಸ್ ಔಟ್‌ಫೀಲ್ಡರ್. ಅವನನ್ನು ಇಲ್ಲಿ ಹಾಕಿದರೆ ಹೋರ್ನರ್‌ಗೆ ಅನ್ಯಾಯ.

ಗಿಲ್ಲಿದಾಂಡು (7:44)

ಲೀಗಿನ ನಿಯಮ ಏನು ಹೇಳುತ್ತದೋ ಅದು. ಕೆಲವು ಕಡೆ ಆ ಜಾಗದಲ್ಲಿ 5 ಪಂದ್ಯ ಆಡಿದ್ದರೆ ಸಾಕು, ಕೆಲವು ಕಡೆ 10, ಕೆಲವು ಕಡೆ 20. ಅನ್ಯಾಯಕ್ಕೆ ಅಲ್ಲಿ ಕಾಲಂ ಇಲ್ಲ.

ಮೈಸೂರುಪಾಕ್_ಎನ್‌ಜೆ (ಮಧ್ಯಾಹ್ನ 12:15)

ಐಡಿ ಹಾಕಿದೆ, ಗಾರ್ಸಿಯಾ, ಗಿಮೆನೆಸ್ ಇಬ್ಬರೂ ಸರಿಯಾದರು. ಈಗ ಒಂದು ಸಣ್ಣ ಸಂದೇಹ. ನಮ್ಮ ಲೀಗಿನಲ್ಲಿ ಸರಾಸರಿ ಬದಲು ಓಬಿಪಿ (ಎಷ್ಟು ಸಲ ಔಟಾಗದೆ ಬೇಸ್ ತಲುಪಿದ ಅನ್ನೋ ಲೆಕ್ಕ) ಎಣಿಸುತ್ತಾರೆ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಲೆಕ್ಕದಮೇಷ್ಟ್ರು (12:40)

ನೀವು "ನಾರ್ಮಲ್ ಲೀಗೇ" ಅಂದಿದ್ದಿರಿ.

ಆಗುತ್ತೆ ಸ್ವಾಮಿ, ಆಗುತ್ತೆ. ಓಬಿಪಿಯಲ್ಲಿ ವಾಕ್‌ಗೂ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್) ಬೆಲೆ. ಅರಾಯೆಜ್ ಮೂರು ಸ್ಟ್ರೈಕ್‌ಗೆ ಔಟಾಗುವುದೂ ಕಮ್ಮಿ, ವಾಕ್ ತಗೊಳ್ಳುವುದೂ ಕಮ್ಮಿ. ಅವನ ಓಬಿಪಿ ಬಹುಪಾಲು ಹಿಟ್ ಮೇಲೇ ನಿಂತಿದೆ. ಹಿಟ್ ಕಮ್ಮಿಯಾದರೆ ಅದೂ ಇಳಿಯುತ್ತೆ. ಹೋಮ್‌ರನ್, ಸ್ಟೀಲ್ ಮೊದಲೇ ಇಲ್ಲ. ನಿನ್ನೆ ಹೇಳಿದ ಕಳೆಯುವ ಲೆಕ್ಕವನ್ನೇ ಈಗ ವಾಕ್ ಎಲ್ಲ ಸೇರಿ ಬ್ಯಾಟಿಂಗ್‌ಗೆ ಬಂದ ಒಟ್ಟು ಸಲಗಳ ಮೇಲೆ ಮಾಡಿ. ನಾನಾಗಿದ್ದರೆ ಸೆಮಿಯೆನ್ ತಗೊಳ್ಳುತ್ತಿದ್ದೆ.

ಬೇಏರಿಯಾ_ಭಟ್ಟ (12:52)

ಮಾರಿ ಅಂತ ನಾನು ನಿನ್ನೆ 7:42ಕ್ಕೇ ಹೇಳಿದ್ದೆ.

ಲೆಕ್ಕದಮೇಷ್ಟ್ರು (12:55)

ಉತ್ತರ ಸರಿ, ಕಾರಣ ತಪ್ಪು. ನಮ್ಮ ಶಾಲೆಯಲ್ಲಿ ಅದಕ್ಕೆ ಅರ್ಧ ಮಾರ್ಕ್ಸ್.

ಮೈಸೂರುಪಾಕ್_ಎನ್‌ಜೆ (ಜುಲೈ 15, ಬೆಳಗ್ಗೆ 8:20)

ಶೀಟ್ ಸರಿಹೋಯಿತು, ಎಲ್ಲರಿಗೂ ಥ್ಯಾಂಕ್ಸ್. ಟ್ರೇಡ್ ಆಗಲಿಲ್ಲ. ನಾನು ಓಬಿಪಿ ಕಾಲಂ ಸರಿ ಮಾಡುತ್ತಾ ಕೂತಿದ್ದಾಗ ಅವರು ಸೆಮಿಯೆನ್‌ನ ಬೇರೆಯವರಿಗೆ ಕೊಟ್ಟುಬಿಟ್ಟರು. ಹೋಗಲಿ.

ಈಗ ಕ್ಯಾಚರ್‌ಗಳ ಶೀಟ್ ಮಾಡುತ್ತಿದ್ದೇನೆ. ಡಾಡ್ಜರ್ಸ್ ಕ್ಯಾಚರ್ ವಿಲ್ ಸ್ಮಿತ್ ಹೆಸರಿನ ಮುಂದೆ ಸೇವ್ಸ್ (ಪಿಚರ್‌ಗಳ ಅಂಕಿ) ತೋರಿಸುತ್ತಿದೆ. ಇದು ಯಾಕೆ?

ಗಿಲ್ಲಿದಾಂಡು (8:24)

ಟೆಕ್ಸಸ್ ಕ್ಲೋಸರ್ (ಪಂದ್ಯ ಮುಗಿಸಲು ಬರುವ ಪಿಚರ್) ಹೆಸರೂ ವಿಲ್ ಸ್ಮಿತ್. ಐಡಿ ಹಾಕಲಿಲ್ವಾ?

ಮೈಸೂರುಪಾಕ್_ಎನ್‌ಜೆ (8:26)

ಅದು ಸೆಕೆಂಡ್ ಬೇಸ್‌ಗೆ ಮಾತ್ರ ಅಂದುಕೊಂಡೆ.